ಪಾಠ ಮಾಡುವ ವಿದ್ಯಾರ್ಥಿಗೂ ಪಾಠ ಬೇಕು

ಪ್ರತಿ ವರ್ಷ ಆಗಸ್ಟ್ ಹೊತ್ತಿಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಒಂದಷ್ಟು ಹುಡುಗ ಹುಡುಗಿಯರು ಎಂ.ಎಸ್., ಪಿಎಚ್.ಡಿ. ಓದಲು ಅಮೆರಿಕಕ್ಕೆ ಹೊರಡುತ್ತಾರೆ. ಅವರಲ್ಲಿ ಕೆಲವರ ಕೈಯಲ್ಲಿ ಟಿ.ಎ. ಹುದ್ದೆಯ, ಅಂದರೆ ಬೋಧನಾ ಸಹಾಯಕರ ಹುದ್ದೆಯ, ಪತ್ರ ಇರುತ್ತದೆ. ಟ್ಯೂಷನ್ ಫೀಸು ಮಾಫಿ, ತಿಂಗಳಿಗಿಷ್ಟು ಡಾಲರ್ ಸ್ಟೈಪೆಂಡ್ ಎಂಬ ಸಾಲುಗಳನ್ನು ಮನೆಯವರು ಮತ್ತೆ ಮತ್ತೆ ಓದಿ ಸಂತೋಷಪಡುತ್ತಾರೆ. ಅದೇ ಪತ್ರದ ಕೆಳಗೆ ವಾರಕ್ಕೆ 20 ಗಂಟೆ ಕೆಲಸ ಎಂದು ಬರೆದಿರುವುದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ವಿಮಾನ ಇಳಿದು, ಬಾಡಿಗೆ ಮನೆ ಹುಡುಕಿ, ಬ್ಯಾಂಕ್ ಖಾತೆ ತೆರೆಯುವಷ್ಟರಲ್ಲಿ ಸೆಮಿಸ್ಟರ್ ಶುರುವಾಗಿರುತ್ತದೆ. ನಿನ್ನೆಯವರೆಗೆ ಬೆಂಚಿನ ಮೇಲೆ ಕೂತಿದ್ದವರು ಇಪ್ಪತ್ತು ಇಪ್ಪತ್ತೈದು ವಿದ್ಯಾರ್ಥಿಗಳ ಎದುರು ನಿಂತು ಕ್ಯಾಲ್ಕುಲಸ್ಸೋ ರಸಾಯನಶಾಸ್ತ್ರವೋ ಹೇಳಿಕೊಡಬೇಕಾಗುತ್ತದೆ.

ಈ ಕೆಲಸದ ಸುತ್ತ ಹಲವು ತಪ್ಪು ನಂಬಿಕೆಗಳು ಬೆಳೆದಿವೆ. ಹೊರಡುವವರಲ್ಲಿ ಇವೆ, ಕಳಿಸುವವರಲ್ಲಿ ಇವೆ, ಎಷ್ಟೋ ವಿಭಾಗಗಳ ಹಿರಿಯ ಪ್ರೊಫೆಸರುಗಳಲ್ಲೂ ಇವೆ. ಅವುಗಳ ಬೆಲೆ ತೆರುವವರು ಬೋರ್ಡಿನ ಮುಂದೆ ಒಬ್ಬಂಟಿಯಾಗಿ ನಿಂತ ಟಿ.ಎ. ಮತ್ತು ಎದುರು ಕೂತ ಮೊದಲ ವರ್ಷದ ವಿದ್ಯಾರ್ಥಿಗಳು. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲೂ ಸಂಶೋಧನಾ ವಿದ್ಯಾರ್ಥಿಗಳಿಗೆ ಪಾಠದ ಹೊಣೆ ಬರುತ್ತಿರುವುದರಿಂದ ಇದು ಈಗ ನಮ್ಮ ಮನೆಯ ವಿಚಾರವೂ ಹೌದು.

ತಪ್ಪು ಕಲ್ಪನೆ: ವಿಷಯ ಗೊತ್ತಿದ್ದರೆ ಪಾಠ ತಾನಾಗಿಯೇ ಬರುತ್ತದೆ

ವಾಸ್ತವ: ವಿಷಯ ಗೊತ್ತಿಲ್ಲದೆ ಪಾಠವಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಷಯದಲ್ಲಿ ಪಳಗಿದವರಿಗೆ ತಾವು ಕಲಿಯುವಾಗ ಎಲ್ಲಿ ಎಡವಿದ್ದೆವು ಎಂಬುದೇ ಮರೆತುಹೋಗಿರುತ್ತದೆ. ಹುಟ್ಟಿದಾಗಿನಿಂದ ಅದೇ ಊರಲ್ಲಿ ಇದ್ದವರು ಹೊಸಬರಿಗೆ ದಾರಿ ಹೇಳುವಾಗ 'ಹೀಗೇ ಹೋಗಿ ಎಡಕ್ಕೆ ತಿರುಗಿ' ಎಂದುಬಿಡುತ್ತಾರೆ. ಮಧ್ಯೆ ಮೂರು ಎಡತಿರುವುಗಳಿವೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಪಿಎಚ್.ಡಿ. ವಿದ್ಯಾರ್ಥಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗಲೂ ಇದೇ ಆಗುತ್ತದೆ. ಮೂರು ಹೆಜ್ಜೆಗಳನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗುತ್ತಾರೆ. ಹಿಂದಿನ ಬೆಂಚಿನವರು ಅದನ್ನು ಹಾಗೇ ಕಾಪಿ ಮಾಡಿಕೊಳ್ಳುತ್ತಾರೆ, ಅರ್ಥ ಮಾಡಿಕೊಳ್ಳುವುದು ಪರೀಕ್ಷೆಯ ಹಿಂದಿನ ರಾತ್ರಿಗೆ ಉಳಿಯುತ್ತದೆ.

2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ನಂಬಿಕೆಯ ಬುಡವನ್ನೇ ಅಲುಗಾಡಿಸಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ಭೌತಶಾಸ್ತ್ರದ ಎರಡು ದೊಡ್ಡ ತರಗತಿಗಳಿದ್ದವು, ಒಂದೊಂದರಲ್ಲೂ 260ಕ್ಕಿಂತ ಹೆಚ್ಚು ವಿದ್ಯಾರ್ಥಿಗಳು. ಒಂದು ವಾರ ಎರಡರಲ್ಲೂ ವಿದ್ಯುತ್ಕಾಂತೀಯ ಅಲೆಗಳ ಅದೇ ಪಾಠ. ಒಂದರಲ್ಲಿ ಅನುಭವಿ, ವಿದ್ಯಾರ್ಥಿಗಳ ಮೆಚ್ಚುಗೆ ಗಳಿಸಿದ್ದ ಪ್ರಾಧ್ಯಾಪಕರು ಎಂದಿನಂತೆ ಉಪನ್ಯಾಸ ಕೊಟ್ಟರು. ಇನ್ನೊಂದನ್ನು ಹೆಚ್ಚು ಬೋಧನಾ ಅನುಭವವಿಲ್ಲದ, ಆದರೆ ಬೋಧನೆಯ ವಿಧಾನದಲ್ಲಿ ತರಬೇತಿ ಪಡೆದಿದ್ದ ಒಬ್ಬ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ಮುಗಿಸಿದ ಸಂಶೋಧಕ, ನಡೆಸಿದರು. ಅವರ ಜೊತೆಗೆ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿ ಇದ್ದರು. ಇವರು ಉಪನ್ಯಾಸ ಕೊಡಲೇ ಇಲ್ಲ ಎನ್ನಬಹುದು. ಮನೆಯಲ್ಲಿ ಓದಿ ಬನ್ನಿ ಎಂದರು. ತರಗತಿಯಲ್ಲಿ ಪ್ರಶ್ನೆ ಹಾಕಿ, ಪಕ್ಕದವರ ಜೊತೆ ಚರ್ಚಿಸಲು ಬಿಟ್ಟು, ಉತ್ತರ ಪಡೆದು, ತಪ್ಪಿದ ಜಾಗವನ್ನು ತಿದ್ದಿದರು. ಆ ವಾರದ ಪಾಠ ಮುಗಿದ ಮೇಲೆ ಎರಡೂ ಕಡೆ ಒಂದೇ ಕಿರುಪರೀಕ್ಷೆ. ಪ್ರಾಧ್ಯಾಪಕರ ತರಗತಿಯ ಸರಾಸರಿ ಶೇ. 41, ಹೊಸಬರದ್ದು ಶೇ. 74. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಈ ಅಧ್ಯಯನದ ತಂಡದಲ್ಲಿದ್ದರು. ಒಂದೇ ವಾರದ, ಒಂದೇ ವಿಷಯದ ಪ್ರಯೋಗ ಇದು; ಪ್ರಾಧ್ಯಾಪಕರ ಅನುಭವ ದಂಡವೆಂದು ಇದರಿಂದ ತೀರ್ಮಾನಿಸಲಾಗದು. ಹೊಸಬರಿಗೂ ಸರಿಯಾದ ತರಬೇತಿ ಸಿಕ್ಕರೆ ಅವರ ಕೈಯಲ್ಲಿ ವಿದ್ಯಾರ್ಥಿಗಳು ಎಷ್ಟು ಕಲಿಯಬಲ್ಲರು ಎಂಬುದನ್ನಂತೂ ಅದು ಕಣ್ಣಿಗೆ ಕಟ್ಟುವಂತೆ ತೋರಿಸಿತು.

ಇಂಥ ತರಬೇತಿಯಲ್ಲಿ ಏನನ್ನು ಕಲಿಸುತ್ತಾರೆ? ಬಹಳಷ್ಟು ಸಣ್ಣ ಸಣ್ಣ ಸಂಗತಿಗಳನ್ನು. ಒಂದು ಉದಾಹರಣೆ ಕೊಡುತ್ತೇನೆ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ ಎಂದು ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ಸುಮಾರು 50 ವರ್ಷಗಳ ಹಿಂದೆಯೇ ಅಳೆದು ನೋಡಿದ್ದರು. ಸಾಮಾನ್ಯವಾಗಿ ಸಿಗುವ ಸಮಯ ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಬಾಯಿಬಿಡುತ್ತಾರೆ, 'ಗೊತ್ತಿಲ್ಲ' ಎನ್ನುವವರು ಕಡಿಮೆಯಾಗುತ್ತಾರೆ. ಬೋರ್ಡಿನ ಮುಂದೆ ನಿಂತವರಿಗೆ ಆ ಮೂರು ಸೆಕೆಂಡಿನ ಮೌನ ಒಂದು ಯುಗದಂತೆ ಅನಿಸುತ್ತದೆ. ಅದನ್ನು ತಡೆದುಕೊಳ್ಳುವುದು ಅಭ್ಯಾಸದಿಂದ ಮಾತ್ರ ಬರುವಂಥದ್ದು. ರ‍್ಯಾಂಕ್ ಬಂದ ಮಾತ್ರಕ್ಕೆ ಬರುವುದಿಲ್ಲ. 'ಅರ್ಥ ಆಯ್ತಾ?' ಎಂದು ಕೇಳುವ ಬದಲು 'ಈ ಹೆಜ್ಜೆಯಲ್ಲಿ ಚಿಹ್ನೆ ಯಾಕೆ ಬದಲಾಯಿತು?' ಎಂದು ಕೇಳುವುದೂ ಹಾಗೆಯೇ. ಮೊದಲನೆಯದಕ್ಕೆ ಇಡೀ ತರಗತಿ ತಲೆಯಾಡಿಸುತ್ತದೆ. ಎರಡನೆಯದಕ್ಕೆ ತಲೆಯಾಡಿಸಿ ಪಾರಾಗಲು ಆಗುವುದಿಲ್ಲ.

ತಪ್ಪು ಕಲ್ಪನೆ: ಟಿ.ಎ. ಎಂದರೆ ಪೇಪರ್ ತಿದ್ದಿಕೊಡುವವರು

ಕೆಲವು ಹುದ್ದೆಗಳಲ್ಲಿ ಪೇಪರ್ ತಿದ್ದುವುದಷ್ಟೇ ಕೆಲಸ ಎನ್ನುವುದು ನಿಜ. ಹೆಚ್ಚಿನವರಿಗೆ ಅದರ ಜೊತೆಗೆ ಲ್ಯಾಬ್ ನಡೆಸುವುದು, ದೊಡ್ಡ ಉಪನ್ಯಾಸದ ನಂತರ ಸಣ್ಣ ಗುಂಪಿಗೆ ಚರ್ಚಾ ತರಗತಿ ತೆಗೆದುಕೊಳ್ಳುವುದು, ವಾರದಲ್ಲಿ ನಿಗದಿಯಾದ ಹೊತ್ತಿನಲ್ಲಿ ಕೂತು ಬಂದವರ ಪ್ರಶ್ನೆಗೆ ಉತ್ತರಿಸುವುದು, ಇಮೇಲ್, ಪರೀಕ್ಷೆಯ ಮೇಲ್ವಿಚಾರಣೆ ಎಲ್ಲ ಇರುತ್ತವೆ. ಇಂಗ್ಲಿಷ್ ಬರವಣಿಗೆ, ಭಾಷಾ ಬೋಧನೆ, ಗಣಿತದಂಥ ವಿಭಾಗಗಳಲ್ಲಿ ಇಡೀ ಕೋರ್ಸಿನ ಹೊಣೆಯನ್ನೇ ಪಿಎಚ್.ಡಿ. ವಿದ್ಯಾರ್ಥಿಗೆ ಒಪ್ಪಿಸುವುದೂ ಉಂಟು. ಸಾವಿರಾರು ವಿದ್ಯಾರ್ಥಿಗಳಿರುವ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಹುಡುಗನಿಗೆ ಪ್ರೊಫೆಸರ್ ದೂರದ ವೇದಿಕೆಯ ಮೇಲಿನ ವ್ಯಕ್ತಿ. ಅವನ ಹೆಸರು ಗೊತ್ತಿರುವುದು ಟಿ.ಎ.ಗೆ.

ತಿದ್ದುವ ಕೆಲಸವೂ ಹಗುರವಾದದ್ದಲ್ಲ. ನಾಲ್ಕು ಜನ ಟಿ.ಎ.ಗಳು ಇನ್ನೂರು ಉತ್ತರಪತ್ರಿಕೆಗಳನ್ನು ಹಂಚಿಕೊಂಡರೆ, ಒಬ್ಬರು ಅರ್ಧ ಸರಿಯಾದ ಉತ್ತರಕ್ಕೆ ಐದು ಅಂಕ, ಇನ್ನೊಬ್ಬರು ಎರಡು ಕೊಡುವ ಅಪಾಯ ಯಾವಾಗಲೂ ಇದೆ. ಚೆನ್ನಾಗಿ ನಡೆಯುವ ವಿಭಾಗಗಳಲ್ಲಿ ಎಲ್ಲರೂ ಒಟ್ಟಿಗೆ ಕೂತು ಮೊದಲು ಹತ್ತು ಪತ್ರಿಕೆಗಳನ್ನು ಬೇರೆಬೇರೆಯಾಗಿ ತಿದ್ದಿ ಹೋಲಿಸಿ ನೋಡುತ್ತಾರೆ, ಎಲ್ಲಿ ವ್ಯತ್ಯಾಸ ಬಂತು ಎಂದು ಮಾತಾಡಿ, ಯಾವ ಹೆಜ್ಜೆಗೆ ಎಷ್ಟು ಅಂಕ ಎಂಬುದನ್ನು ಬರೆದಿಟ್ಟುಕೊಳ್ಳುತ್ತಾರೆ. ಆಮೇಲೆ ಒಬ್ಬೊಬ್ಬರು ಒಂದೊಂದು ಪ್ರಶ್ನೆಯನ್ನು ವಹಿಸಿಕೊಂಡು, ಆ ಪ್ರಶ್ನೆಯನ್ನು ಎಲ್ಲ ಪತ್ರಿಕೆಗಳಲ್ಲೂ ತಾವೇ ತಿದ್ದುತ್ತಾರೆ. ಈಗ ಎಷ್ಟೋ ಕಡೆ ಬಳಕೆಯಲ್ಲಿರುವ ಗ್ರೇಡ್‌ಸ್ಕೋಪ್ ಎಂಬ ತಂತ್ರಾಂಶ ಹುಟ್ಟಿದ್ದೇ ಬರ್ಕ್ಲಿಯಲ್ಲಿ ಟಿ.ಎ.ಗಳಾಗಿ ಪತ್ರಿಕೆ ತಿದ್ದಿ ಬೇಸತ್ತವರ ಕೈಯಲ್ಲಿ.

ಅಂಕಗಳ ವಿಚಾರದಲ್ಲಿ ಹೊಸಬರಿಗೆ ಮೊದಲ ದಿನವೇ ತಿಳಿಸಬೇಕಾದ ಒಂದು ಕಾನೂನಿದೆ. ಅಮೆರಿಕದಲ್ಲಿ 1974ರ ಕಾಯ್ದೆಯೊಂದರ ಪ್ರಕಾರ ವಿದ್ಯಾರ್ಥಿಯ ಅಂಕ ಆ ವಿದ್ಯಾರ್ಥಿಯ ಖಾಸಗಿ ದಾಖಲೆ. ನಮ್ಮಲ್ಲಿಯ ಹಾಗೆ ಹೆಸರಿನ ಸಮೇತ ಅಂಕಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುವಂತಿಲ್ಲ. ತಿದ್ದಿದ ಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲಿಟ್ಟು 'ನಿಮ್ಮದನ್ನು ಹುಡುಕಿ ತೆಗೆದುಕೊಳ್ಳಿ' ಎನ್ನುವಂತಿಲ್ಲ. ತಂದೆಯೋ ತಾಯಿಯೋ ಫೋನ್ ಮಾಡಿ ಕೇಳಿದರೂ ಟಿ.ಎ. ತಾನಾಗಿ ಏನನ್ನೂ ಹೇಳುವಂತಿಲ್ಲ. ಅಂಥ ಕರೆಯನ್ನು ಕೋರ್ಸಿನ ಪ್ರೊಫೆಸರಿಗೆ ದಾಟಿಸಬೇಕು.

ತಪ್ಪು ಕಲ್ಪನೆ: ತರಬೇತಿ ಅಂದರೆ ಸೆಮಿಸ್ಟರಿನ ಮುಂಚಿನ ಒಂದು ದಿನದ ಓರಿಯೆಂಟೇಶನ್

ವಾಸ್ತವ: ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಆ ಒಂದು ದಿನವಂತೂ ಇದ್ದೇ ಇರುತ್ತದೆ. ಬೆಳಗ್ಗೆಯಿಂದ ಸಂಜೆವರೆಗೆ ನಿಯಮಗಳ ಸ್ಲೈಡುಗಳು, ನಡುವೆ ಊಟ. ಹಿಂದಿನ ವಾರವಷ್ಟೇ ವಿಮಾನ ಇಳಿದ, ನಿದ್ರೆ ಇನ್ನೂ ಸರಿಹೋಗದ ಹುಡುಗಿಗೆ ಅದರಲ್ಲಿ ಎಷ್ಟು ನೆನಪುಳಿದೀತು? ಆ ದಿನ ಬೇಕು, ನಿಯಮ ತಿಳಿಯಲೇಬೇಕು. ಆದರೆ ಆಕೆಗೆ ನಿಜವಾದ ಪ್ರಶ್ನೆಗಳು ಹುಟ್ಟುವುದು ಮೂರನೆಯ ವಾರ, ಲ್ಯಾಬಿನಲ್ಲಿ ಒಬ್ಬ ಇನ್ನೊಬ್ಬನ ರೀಡಿಂಗ್ ನಕಲು ಮಾಡಿದ್ದು ಕಣ್ಣಿಗೆ ಬಿದ್ದಾಗ. ಆಗ ಕೇಳಲು ಯಾರಿದ್ದಾರೆ ಎಂಬುದರ ಮೇಲೆ ಒಂದು ವಿಶ್ವವಿದ್ಯಾಲಯದ ತರಬೇತಿಯ ಯೋಗ್ಯತೆ ನಿಂತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆಂದೇ ಅಮೆರಿಕದಲ್ಲಿ ಬೋಧನಾ ಕೇಂದ್ರಗಳಿವೆ. ಮಿಶಿಗನ್ ವಿಶ್ವವಿದ್ಯಾಲಯ 1962ರಲ್ಲಿ ತೆರೆದ ಕೇಂದ್ರ ಆ ದೇಶದಲ್ಲಿ ಮೊದಲನೆಯದು. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳಲ್ಲಿ 1970ರ ದಶಕದಲ್ಲಿ ಬಂದವು. ಇಂಥ ಕೇಂದ್ರಗಳಲ್ಲಿ ನಡೆಯುವ ಮೂರು ಕೆಲಸಗಳನ್ನು ನಮ್ಮವರೂ ಗಮನಿಸಬೇಕು.

ಮೊದಲನೆಯದು ಕಿರುಪಾಠ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶಾಲಾ ಶಿಕ್ಷಕರಿಗಾಗಿ ರೂಪುಗೊಂಡ ಪದ್ಧತಿ, ನಮ್ಮ ಬಿ.ಎಡ್. ಓದಿದವರಿಗೆಲ್ಲ 'ಮೈಕ್ರೋಟೀಚಿಂಗ್' ಎಂದು ಪರಿಚಯವಿರುತ್ತದೆ. ಐದರಿಂದ ಹತ್ತು ನಿಮಿಷ ಒಂದೇ ಒಂದು ಸಂಗತಿಯನ್ನು ಸಹಪಾಠಿಗಳ ಎದುರು ಹೇಳಿಕೊಡಬೇಕು. ವೀಡಿಯೊ ಆಗುತ್ತದೆ. ಬೋರ್ಡಿಗೆ ಮುಖ ಮಾಡಿ ಮಾತಾಡಿದ್ದು, ವಾಕ್ಯದ ಕೊನೆಗೆ ದನಿ ಇಳಿದುಹೋದದ್ದು, ಪ್ರಶ್ನೆ ಕೇಳಿ ತಾವೇ ಉತ್ತರಿಸಿದ್ದು ಎಲ್ಲ ಅದರಲ್ಲಿ ಕಾಣುತ್ತದೆ. ಸಲಹೆ ಪಡೆದು ಅದೇ ಪಾಠವನ್ನು ಮತ್ತೊಮ್ಮೆ ಮಾಡಬೇಕು. ಈ ಎರಡನೆಯ ಸಲವೇ ಮುಖ್ಯ. ಅದನ್ನು ಬಿಟ್ಟುಬಿಟ್ಟರೆ ಉಳಿಯುವುದು ಟೀಕೆ ಮಾತ್ರ.

ಎರಡನೆಯದು ತರಗತಿಗೆ ಬಂದು ನೋಡುವುದು. ಕೇಂದ್ರದವರೋ ಅನುಭವಿ ಟಿ.ಎ.ಯೋ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಅದಕ್ಕೂ ಮೊದಲು 'ನಾನು ಏನನ್ನು ಗಮನಿಸಬೇಕು?' ಎಂದು ಟಿ.ಎ.ಯನ್ನೇ ಕೇಳುತ್ತಾರೆ. ನೋಡಿದ್ದನ್ನು ಆಮೇಲೆ ಇಬ್ಬರೇ ಕೂತು ಮಾತಾಡುತ್ತಾರೆ. ಸಾಮಾನ್ಯವಾಗಿ ಅದು ವಿಭಾಗದ ಮುಖ್ಯಸ್ಥರಿಗೆ ಹೋಗುವುದಿಲ್ಲ. ಈ ಗುಟ್ಟಿನ ಭರವಸೆ ಇಲ್ಲದಿದ್ದರೆ ಯಾರು ತಾನೆ ತಮ್ಮ ತೊಡಕನ್ನು ಬಿಚ್ಚಿಡುತ್ತಾರೆ?

ಮೂರನೆಯದು ಸೆಮಿಸ್ಟರಿನ ಮಧ್ಯದಲ್ಲೇ ವಿದ್ಯಾರ್ಥಿಗಳ ಅಭಿಪ್ರಾಯ ಪಡೆಯುವುದು. ಟಿ.ಎ. ಇಪ್ಪತ್ತು ನಿಮಿಷ ಹೊರಗೆ ಹೋಗುತ್ತಾರೆ. ಕೇಂದ್ರದವರು ಒಳಬಂದು ವಿದ್ಯಾರ್ಥಿಗಳನ್ನು ಸಣ್ಣ ಗುಂಪುಗಳಾಗಿ ಕೂರಿಸಿ, ನಿಮ್ಮ ಕಲಿಕೆಗೆ ಏನು ಸಹಾಯವಾಗುತ್ತಿದೆ, ಏನು ಅಡ್ಡಿಯಾಗುತ್ತಿದೆ, ಏನು ಬದಲಾಗಬೇಕು ಎಂದು ಕೇಳುತ್ತಾರೆ. ಒಬ್ಬನ ಸಿಟ್ಟಿಗೆ ಇಲ್ಲಿ ಹೆಚ್ಚು ಬೆಲೆಯಿಲ್ಲ, ಗುಂಪು ಒಪ್ಪಿದ ಮಾತು ಮಾತ್ರ ಪಟ್ಟಿಗೆ ಸೇರುತ್ತದೆ. ಸೆಮಿಸ್ಟರ್ ಮುಗಿದ ಮೇಲೆ ಬರುವ ಫೀಡ್‌ಬ್ಯಾಕ್ ಫಾರ್ಮಿನಿಂದ ಆ ವರ್ಷದ ವಿದ್ಯಾರ್ಥಿಗಳಿಗೆ ಯಾವ ಪ್ರಯೋಜನವೂ ಇಲ್ಲ. ಆರನೆಯ ವಾರ ಕೇಳಿದರೆ ಏಳನೆಯ ವಾರ ತಿದ್ದಿಕೊಳ್ಳಬಹುದು.

ತಪ್ಪು ಕಲ್ಪನೆ: ಹೊರದೇಶದ ಟಿ.ಎ.ಗಳಿಗೆ ಅಮೆರಿಕನ್ ಉಚ್ಚಾರಣೆ ಬಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ

ಹೊರಡುವ ಮಕ್ಕಳನ್ನು ಅತಿಯಾಗಿ ಹೆದರಿಸುವ ನಂಬಿಕೆ ಇದು. ಇದಕ್ಕೊಂದು ಹಿನ್ನೆಲೆ ಇದೆ. 1980ರ ದಶಕದಲ್ಲಿ ಅಮೆರಿಕದ ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳಿಗೆ ಏಷ್ಯಾದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಬಂದರು. 'ನಮ್ಮ ಟಿ.ಎ. ಹೇಳುವುದು ಅರ್ಥವಾಗುತ್ತಿಲ್ಲ' ಎಂಬ ದೂರು ಪೋಷಕರಿಂದ ಶಾಸಕರ ಕಿವಿಗೆ ಮುಟ್ಟಿತು. ಟೆಕ್ಸಸ್, ಓಹಾಯೊ, ಫ್ಲಾರಿಡ, ಪೆನ್ಸಿಲ್ವೇನಿಯಾ ಮುಂತಾದ ರಾಜ್ಯಗಳು ಪಾಠ ಮಾಡುವವರ ಇಂಗ್ಲಿಷನ್ನು ಪರೀಕ್ಷಿಸಲೇಬೇಕೆಂದು ಕಾನೂನು ಮಾಡಿದವು. ಈಗಲೂ ಹೊರದೇಶದ ಟಿ.ಎ.ಗಳು ಟೋಫೆಲ್‌ನ ಮಾತಿನ ವಿಭಾಗದಲ್ಲಿ ಇಂತಿಷ್ಟು ಅಂಕ ಪಡೆಯಬೇಕು, ಇಲ್ಲವೇ ವಿಶ್ವವಿದ್ಯಾಲಯದ್ದೇ ಮೌಖಿಕ ಪರೀಕ್ಷೆ ಪಾಸಾಗಬೇಕು. ಪರ್ಡ್ಯೂವಿನಂಥ ಕಡೆ ಅದಕ್ಕೆಂದೇ ಪ್ರತ್ಯೇಕ ಕಾರ್ಯಕ್ರಮ ಇದೆ. ಪಾಸಾಗದವರಿಗೆ ಸೆಮಿಸ್ಟರ್ ಪೂರ್ತಿ ನಡೆಯುವ ಕೋರ್ಸು ಇರುತ್ತದೆ. ಅದನ್ನು ಅವಮಾನ ಎಂದುಕೊಳ್ಳಬೇಡಿ. ಇಡೀ ವ್ಯವಸ್ಥೆಯಲ್ಲಿ ಹೊಸ ಟಿ.ಎ.ಗೆ ಸಿಗುವ ಅತ್ಯಂತ ಉಪಯುಕ್ತ ತರಬೇತಿ ಎಷ್ಟೋ ಸಲ ಅದೇ ಆಗಿರುತ್ತದೆ.

ಆದರೆ ದೂರಿನ ಮೂಲ ಪೂರ್ತಿಯಾಗಿ ಟಿ.ಎ.ಯ ನಾಲಗೆಯಲ್ಲಿ ಇಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸುತ್ತದೆ. ಓಹಾಯೊದಲ್ಲಿ ಬೆಳೆದ, ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳ ಒಬ್ಬ ಅಮೆರಿಕನ್ ಮಹಿಳೆಯ ದನಿಯಲ್ಲಿ ನಾಲ್ಕು ನಿಮಿಷದ ಉಪನ್ಯಾಸ ಧ್ವನಿಮುದ್ರಿಸಿದರು. ಕೇಳುವಾಗ ಕೆಲವು ವಿದ್ಯಾರ್ಥಿಗಳ ಎದುರು ಬಿಳಿಯ ಮಹಿಳೆಯೊಬ್ಬರ ಫೋಟೊ ಇಟ್ಟರು, ಇನ್ನು ಕೆಲವರ ಎದುರು ಏಷ್ಯಾದ ಮಹಿಳೆಯೊಬ್ಬರದು. ದನಿ ಒಂದೇ, ಮಾತು ಒಂದೇ. ಏಷ್ಯಾದ ಮುಖ ನೋಡುತ್ತ ಕೇಳಿದವರಿಗೆ ಇಲ್ಲದ ವಿದೇಶಿ ಉಚ್ಚಾರಣೆ ಕೇಳಿಸಿತು. ಅಷ್ಟೇ ಆಗಿದ್ದರೆ ಪೂರ್ವಗ್ರಹ ಎಂದು ಬಿಡಬಹುದಿತ್ತು. ಅವರಿಗೆ ಪಾಠ ಅರ್ಥವಾದದ್ದೂ ಕಡಿಮೆ. ಕಿವಿ ಮೊದಲೇ ಮುಚ್ಚಿಕೊಂಡರೆ ಬೋಧಕಿ ಏನು ಹೇಳಿದರೂ ಒಳಗೆ ಇಳಿಯುವುದಿಲ್ಲ. ಆದ್ದರಿಂದ ತರಬೇತಿ ಎದುರು ಕೂತವರಿಗೂ ಬೇಕು. ಬೇರೆ ಬೇರೆ ದೇಶದವರ ಇಂಗ್ಲಿಷನ್ನು ಕೇಳಿ ಅರ್ಥ ಮಾಡಿಕೊಳ್ಳುವುದು ವಿಶ್ವವಿದ್ಯಾಲಯ ಕಲಿಸಬೇಕಾದ ವಿದ್ಯೆಯೇ ಹೌದು.

ಹಾಗೆಂದು ಟಿ.ಎ. ಮಾಡಬೇಕಾದ್ದು ಏನೂ ಇಲ್ಲ ಎಂದಲ್ಲ. ಕನ್ನಡದವರಿಗೆ ತೊಡಕಾಗುವುದು ಅಕ್ಷರಗಳಿಗಿಂತ ಹೆಚ್ಚಾಗಿ ಒತ್ತು. ನಾವು ಪದದ ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಸಮವಾದ ಬಲ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಎದ್ದು ನಿಲ್ಲುತ್ತದೆ, ಉಳಿದವು ಮಸುಕಾಗುತ್ತವೆ. ನಾವು 'ಪ್ಯಾರಾಮೀಟರ್' ಎನ್ನುವುದನ್ನು ಅಮೆರಿಕದವರು 'ಪ-ರ್‍ಯಾ-ಮಿಟರ್' ಎಂದು ಎರಡನೆಯ ಅಕ್ಷರಕ್ಕೆ ಒತ್ತು ಕೊಟ್ಟು ಹೇಳುತ್ತಾರೆ. ಒಂದು ಸೆಮಿಸ್ಟರಿನಲ್ಲಿ ಮತ್ತೆ ಮತ್ತೆ ಬರುವ ಇಂಥ ಪದಗಳು ಮೂವತ್ತೋ ನಲವತ್ತೋ ಇರುತ್ತವೆ. ಅವಷ್ಟರ ಒತ್ತನ್ನು ಮೊದಲೇ ರೂಢಿ ಮಾಡಿಕೊಂಡರೆ, ಆ ಪದಗಳನ್ನು ಬೋರ್ಡಿನ ಮೇಲೆ ಬರೆದರೆ, ವೇಗ ಸ್ವಲ್ಪ ತಗ್ಗಿಸಿದರೆ, ಒಂದು ವಿಷಯ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಹಾಗೆಂದು ಹೇಳಿ ಹೋದರೆ ಬಹುಪಾಲು ತೊಂದರೆ ನೀಗುತ್ತದೆ. ಉಳಿದ ದನಿಯನ್ನು ಹಾಗೇ ಇಟ್ಟುಕೊಳ್ಳಿ. ಧಾರವಾಡದ ಅಥವಾ ಹಾಸನದ ಲಯವಿರುವ ಇಂಗ್ಲಿಷಿನಲ್ಲಿ ಥರ್ಮೊಡೈನಮಿಕ್ಸ್ ಚೆನ್ನಾಗಿಯೇ ಹೇಳಿಕೊಡಬಹುದು.

ಉಚ್ಚಾರಣೆಗಿಂತ ಹೆಚ್ಚು ಗಲಿಬಿಲಿ ಮಾಡುವುದು ತರಗತಿಯ ರೀತಿನೀತಿ. ವಿದ್ಯಾರ್ಥಿಗಳು ಸರ್, ಮೇಡಂ ಎನ್ನುವುದಿಲ್ಲ, ಹೆಸರು ಹಿಡಿದು ಕರೆಯುತ್ತಾರೆ. ತಿನ್ನುತ್ತ ಕೂರುತ್ತಾರೆ. 'ನನಗೆ ಅಂಕ ಯಾಕೆ ಕಡಿಮೆ ಬಂತು?' ಎಂದು ನೇರವಾಗಿ ಕೇಳುತ್ತಾರೆ. ಗುರುಗಳು ಒಳಗೆ ಬಂದಾಗ ಎದ್ದು ನಿಂತು ಬೆಳೆದವರಿಗೆ ಇದು ಅಗೌರವದಂತೆ ಕಾಣುವುದು ಸಹಜ. ಅದು ಅಗೌರವ ಅಲ್ಲ. ಹಿರಿಯ ಟಿ.ಎ. ಒಬ್ಬರು ಇದನ್ನು ಮೊದಲೇ ತಿಳಿಸಿ ಹೇಳಿದರೆ ಎಷ್ಟೋ ನಿದ್ದೆಗೆಟ್ಟ ರಾತ್ರಿಗಳು ಉಳಿಯುತ್ತವೆ.

ತಪ್ಪು ಕಲ್ಪನೆ: ಪಾಠಕ್ಕೆ ಕೊಟ್ಟ ಗಂಟೆಗಳು ಸಂಶೋಧನೆಗೆ ನಷ್ಟ

ವಾಸ್ತವ: 'ಟಿ.ಎ. ಕೆಲಸಕ್ಕೆ ಕನಿಷ್ಠ ಸಮಯ ಕೊಡು, ಲ್ಯಾಬಿಗೆ ಬಾ' ಎನ್ನುವ ಗೈಡ್‌ಗಳು ಎಲ್ಲ ದೇಶಗಳಲ್ಲೂ ಇದ್ದಾರೆ. 2011ರಲ್ಲೇ 'ಸೈನ್ಸ್'ನಲ್ಲಿ ಬಂದ ಡೇವಿಡ್ ಫೆಲ್ಡನ್ ಮತ್ತು ಸಂಗಡಿಗರ ಅಧ್ಯಯನವನ್ನು ಅವರು ಓದಬೇಕು. ವಿಜ್ಞಾನ, ತಂತ್ರಜ್ಞಾನದ 95 ಸ್ನಾತಕೋತ್ತರ ವಿದ್ಯಾರ್ಥಿಗಳು ಶೈಕ್ಷಣಿಕ ವರ್ಷದ ಆರಂಭದಲ್ಲೂ ಕೊನೆಯಲ್ಲೂ ಬರೆದ ಸಂಶೋಧನಾ ಪ್ರಸ್ತಾವನೆಗಳನ್ನು ಈ ತಂಡ ಹೋಲಿಸಿ ನೋಡಿತು. ಬರೀ ಸಂಶೋಧನೆ ಮಾಡಿದವರಿಗಿಂತ, ಸಂಶೋಧನೆಯ ಜೊತೆಗೆ ಪಾಠವನ್ನೂ ಮಾಡಿದವರು ಪರೀಕ್ಷಿಸಬಹುದಾದ ಊಹೆಗಳನ್ನು ಕಟ್ಟುವುದರಲ್ಲಿ, ಸರಿಯಾದ ಪ್ರಯೋಗ ರೂಪಿಸುವುದರಲ್ಲಿ ಹೆಚ್ಚು ಮುಂದೆ ಬಂದಿದ್ದರು. ಆಲೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. 'ಈ ನಿಯಂತ್ರಣ ಮಾದರಿ ಯಾಕೆ ಬೇಕು?' ಎಂದು ಎರಡನೆಯ ವರ್ಷದ ಹುಡುಗಿಗೆ ಹತ್ತು ಸಲ ವಿವರಿಸಿದವರು ತಮ್ಮ ಪ್ರಯೋಗದಲ್ಲಿ ಅದನ್ನು ಮರೆಯುವುದು ಕಷ್ಟ.

ಇದು ಮಿತಿಯೊಳಗಿನ ಮಾತು. ವಾರಕ್ಕೆ 20 ಗಂಟೆ ಎಂದು ಹೇಳಿ 30 ಗಂಟೆ ದುಡಿಸಿದರೆ ಸಂಶೋಧನೆಯೂ ಕೆಡುತ್ತದೆ, ಪಾಠವೂ ಕೆಡುತ್ತದೆ.

ತಪ್ಪು ಕಲ್ಪನೆ: ಸ್ಟೈಪೆಂಡ್ ಎಂದರೆ ಉಪಕಾರ, ಗಂಟೆಯ ಲೆಕ್ಕ ಕೇಳಬಾರದು

ಇಲ್ಲಿ ನಮ್ಮ ಸಂಕೋಚವೇ ನಮಗೆ ಶತ್ರು. ಕೊಟ್ಟವರ ಮುಂದೆ ಕೇಳುವುದು ಹೇಗೆ ಎಂದು ನಮ್ಮ ಮಕ್ಕಳು ಬಾಯಿಮುಚ್ಚಿಕೊಂಡು ದುಡಿಯುತ್ತಾರೆ. ಟಿ.ಎ. ಕೆಲಸ ಕೆಲಸವೇ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕ್ಯಾಂಪಸ್ಸಿನಲ್ಲಿ 1966ರಲ್ಲೇ ಟಿ.ಎ.ಗಳು ಸಂಘ ಕಟ್ಟಿಕೊಂಡರು, 1970ರಲ್ಲಿ ಮುಷ್ಕರ ಹೂಡಿ ಒಪ್ಪಂದ ಪಡೆದರು. ಖಾಸಗಿ ವಿಶ್ವವಿದ್ಯಾಲಯಗಳ ಟಿ.ಎ.ಗಳು ನೌಕರರೇ ಅಲ್ಲವೇ ಎಂಬ ಪ್ರಶ್ನೆ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯಲ್ಲಿ ಹಲವು ವರ್ಷ ಅತ್ತಿತ್ತ ತೂಗಾಡಿತು: 2000ದಲ್ಲಿ ಹೌದು ಎಂದಿತು, 2004ರಲ್ಲಿ ಅಲ್ಲ ಎಂದಿತು, 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಮತ್ತೆ ಹೌದು ಎಂದಿತು. 2022ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟಿ.ಎ.ಗಳು, ಸಂಶೋಧನಾ ಸಹಾಯಕರು, ಪೋಸ್ಟ್‌ಡಾಕ್‌ಗಳು ಸೇರಿ ಸುಮಾರು 48,000 ಮಂದಿ ವೇತನಕ್ಕಾಗಿ ಮುಷ್ಕರ ಹೂಡಿದರು. ಅದು ಡಿಸೆಂಬರ್ ಕೊನೆಯ ವಾರದ ಹೊತ್ತಿಗೆ ಮುಗಿಯಿತು.

ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಗಂಟೆಯ ಲೆಕ್ಕ ಇಡಲು ಇನ್ನೂ ಒಂದು ಕಾರಣವಿದೆ. ತರಗತಿಗಳು ನಡೆಯುವ ಕಾಲದಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಆದ್ದರಿಂದ ಗಂಟೆಗಳನ್ನು ಬರೆದಿಟ್ಟುಕೊಳ್ಳುವುದು ಜಿಪುಣತನವಲ್ಲ, ಎಚ್ಚರಿಕೆ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಸೆಮಿಸ್ಟರ್ ಶುರುವಾಗುವಾಗಲೇ ಪ್ರತಿ ಟಿ.ಎ.ಗೂ ಒಂದು ಫಾರ್ಮ್ ಕೊಡುತ್ತಾರೆ: ತಯಾರಿಗೆ ಇಷ್ಟು ಗಂಟೆ, ತರಗತಿಗೆ ಇಷ್ಟು, ತಿದ್ದುವುದಕ್ಕೆ ಇಷ್ಟು, ತರಬೇತಿಗೆ ಇಷ್ಟು ಎಂದು ಬಿಡಿಸಿ ಬರೆದು, ಕೋರ್ಸಿನ ಮೇಷ್ಟರೂ ಟಿ.ಎ.ಯೂ ಸಹಿ ಹಾಕುತ್ತಾರೆ. ತರಬೇತಿಯ ಗಂಟೆಗೂ ಸಂಬಳ ಉಂಟು ಎಂಬುದನ್ನು ಗಮನಿಸಿ.

ತಪ್ಪು ಕಲ್ಪನೆ: ಸಹಾಯ ಕೇಳುವುದು ದೌರ್ಬಲ್ಯದ ಗುರುತು

2018ರಲ್ಲಿ 'ನೇಚರ್ ಬಯೋಟೆಕ್ನಾಲಜಿ'ಯಲ್ಲಿ ಬಂದ ಸಮೀಕ್ಷೆಯೊಂದರಲ್ಲಿ 26 ದೇಶಗಳ 2,279 ಮಂದಿ ಉತ್ತರಿಸಿದ್ದರು, ಹೆಚ್ಚಿನವರು ಪಿಎಚ್.ಡಿ. ವಿದ್ಯಾರ್ಥಿಗಳು. ಖಿನ್ನತೆ, ಆತಂಕಗಳ ಸಾಧ್ಯತೆ ಅವರಲ್ಲಿ ಸಾಮಾನ್ಯ ಜನರಿಗಿಂತ ಆರು ಪಟ್ಟು ಹೆಚ್ಚು ಕಂಡಿತು. ತಾವಾಗಿ ಮುಂದೆ ಬಂದು ಉತ್ತರಿಸಿದವರ ಸಮೀಕ್ಷೆಯಾದ್ದರಿಂದ ಸಂಖ್ಯೆಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಸಮಸ್ಯೆ ದೊಡ್ಡದು ಎನ್ನುವುದರಲ್ಲಿ ಮಾತ್ರ ಅನುಮಾನವಿಲ್ಲ. ಟಿ.ಎ.ಯ ಸ್ಥಿತಿ ಇನ್ನೂ ನಾಜೂಕು. ಸ್ವತಃ ಒತ್ತಡದಲ್ಲಿರುವವರ ಬಳಿಗೆ ಅಳುತ್ತ ಬರುವ ವಿದ್ಯಾರ್ಥಿಯೂ ಇರುತ್ತಾನೆ.

ಅಂಥ ಹೊತ್ತಿನಲ್ಲಿ ಟಿ.ಎ. ಮನೋವೈದ್ಯರಾಗಬೇಕಿಲ್ಲ. ಕೇಳಿಸಿಕೊಂಡು, ಕೌನ್ಸೆಲಿಂಗ್ ಕೇಂದ್ರಕ್ಕೆ ದಾರಿ ತೋರಿಸಿ, ಪ್ರೊಫೆಸರಿಗೆ ತಿಳಿಸುವುದು ಅವರ ಪಾಲು. ನಕಲು ಸಿಕ್ಕಿದರೂ ಹಾಗೆಯೇ: ಟಿ.ಎ. ತಾನೇ ಶಿಕ್ಷೆ ವಿಧಿಸಲು ಹೋಗಬಾರದು, ಸಾಕ್ಷ್ಯ ಜೋಪಾನ ಮಾಡಿ ಕೋರ್ಸಿನ ಹೊಣೆ ಹೊತ್ತವರಿಗೆ ಒಪ್ಪಿಸಬೇಕು. ಈ ಗೆರೆಗಳು ಎಲ್ಲಿವೆ ಎಂದು ಹೇಳಿಕೊಡುವುದೇ ಬೆಂಬಲದ ದೊಡ್ಡ ಭಾಗ. ಇನ್ನು ಟಿ.ಎ.ಗೆ ಪ್ರೊಫೆಸರ್ ಜೊತೆಗೇ ತಕರಾರು ಬಂದರೆ? ಅಮೆರಿಕದ ಬಹುತೇಕ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಯಾವ ವಿಭಾಗಕ್ಕೂ ಸೇರದ, ಗುಟ್ಟು ಕಾಪಾಡುವ ಒಂಬುಡ್ಸ್ ಕಚೇರಿ ಇರುತ್ತದೆ. ಆ ಕಚೇರಿ ಎಲ್ಲಿದೆ ಎಂದು ಜಗಳ ಹುಟ್ಟುವ ಮೊದಲೇ ತಿಳಿದುಕೊಂಡಿರಬೇಕು.

ತಪ್ಪು ಕಲ್ಪನೆ: ಇದೆಲ್ಲ ಅಮೆರಿಕದ ಮಾತು, ನಮಗೆ ಸಂಬಂಧವಿಲ್ಲ

ವಾಸ್ತವ: ಐಐಟಿಗಳಲ್ಲಿ ಗೇಟ್ ಬರೆದು ಸೇರಿದ ಎಂ.ಟೆಕ್. ವಿದ್ಯಾರ್ಥಿಗಳು ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡಿಗೆ ಪ್ರತಿಯಾಗಿ ವಾರಕ್ಕೆ 8 ಗಂಟೆ ಸಹಾಯಕ ಕೆಲಸ ಮಾಡುವ ಪದ್ಧತಿ ಬಹಳ ದಿನದಿಂದ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿಎಚ್.ಡಿ.ಗೆ ಸೇರುವ ಎಲ್ಲರೂ ಬೋಧನೆಯ ಬಗ್ಗೆ ಕೋರ್ಸು ಓದಬೇಕು, ಪಾಠದ ಅನುಭವ ಪಡೆಯಬೇಕು ಎಂದಿತು. ಯುಜಿಸಿ 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್.ಡಿ. ನಿಯಮಾವಳಿಯಲ್ಲಿ ಅದೇ ಮಾತು ನಿಯಮವಾಗಿದೆ. ಯಾವ ವಿಷಯದವರಾದರೂ ತಮ್ಮ ವಿಷಯಕ್ಕೆ ಸಂಬಂಧಿಸಿದ ಬೋಧನೆ ಮತ್ತು ಬರವಣಿಗೆಯ ತರಬೇತಿ ಪಡೆಯಬೇಕು. ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನಗಳಿಗಾಗಿ ವಾರಕ್ಕೆ 4ರಿಂದ 6 ಗಂಟೆಯ ಕೆಲಸವನ್ನೂ ಅವರಿಗೆ ಒಪ್ಪಿಸಬಹುದು.

ನಮ್ಮಲ್ಲಿ ಪಾಠ ಮಾಡುವ ಅರ್ಹತೆ ಅಳೆಯುವುದು ನೆಟ್, ಕೆಸೆಟ್‌ನ ಮೊದಲ ಪತ್ರಿಕೆಯ ಬಹು ಆಯ್ಕೆ ಪ್ರಶ್ನೆಗಳಿಂದ. ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸಿದವರು ತರಗತಿಯನ್ನು ಹಿಡಿದಿಡಬಲ್ಲರು ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ನೌಕರಿ ಸಿಕ್ಕಿದ ಮೇಲೆ ಇಂಡಕ್ಷನ್ ತರಬೇತಿ ಇದೆ, ನಿಜ. ಆದರೆ ಖಾಯಂ ನೌಕರಿ ಸಿಗುವ ಮೊದಲು ಎಷ್ಟೋ ಮಂದಿ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಪಾಠ ಮಾಡಿರುತ್ತಾರೆ. ಕಲಿಸುವುದನ್ನು ಯಾರೂ ಕಲಿಸದ ಆ ವರ್ಷಗಳಲ್ಲಿ ಅವರ ಕೈಕೆಳಗೆ ಓದಿದವರು ನಮ್ಮ ತಾಲ್ಲೂಕು ಕೇಂದ್ರಗಳ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮಕ್ಕಳು.

ಅವರಲ್ಲಿ ಅನೇಕರು ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಉಪನ್ಯಾಸ, ಪುಸ್ತಕ ಎರಡೂ ಇಂಗ್ಲಿಷಿನಲ್ಲಿ ಬಂದಾಗ ಅವರು ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತಾರೆ. ಇಪ್ಪತ್ತು ಜನರ ಟ್ಯುಟೋರಿಯಲ್ಲಿನಲ್ಲಿ ಅದೇ ದಾರಿಯಲ್ಲಿ ಬಂದ ಸಂಶೋಧನಾ ವಿದ್ಯಾರ್ಥಿಯೊಬ್ಬರು 'ಇದನ್ನು ಕನ್ನಡದಲ್ಲೇ ಒಮ್ಮೆ ಹೇಳಿ ನೋಡೋಣ, ಆಮೇಲೆ ಇಂಗ್ಲಿಷಿನಲ್ಲಿ ಬರೆಯೋಣ' ಎಂದರೆ ಆ ಬಾಯಿಗಳು ತೆರೆಯುತ್ತವೆ. ನಮ್ಮ ಟಿ.ಎ.ಗಳಿಗೆ ಕೊಡುವ ತರಬೇತಿಯಲ್ಲಿ ಎರಡು ಭಾಷೆಗಳ ನಡುವೆ ಓಡಾಡುತ್ತ ಪಾಠ ಮಾಡುವ ಈ ವಿದ್ಯೆಗೆ ಮೊದಲ ಜಾಗ ಸಿಗಬೇಕು. ಅಮೆರಿಕದ ಯಾವ ಕೇಂದ್ರವೂ ಇದನ್ನು ನಮಗೆ ಮಾಡಿಕೊಡಲಾರದು.

ಉಳಿದದ್ದನ್ನು ಎರವಲು ಪಡೆಯಬಹುದು. ತರಗತಿಗಳು ಶುರುವಾಗುವ ಮುಂಚಿನ ವಾರದಲ್ಲಿ ಪ್ರತಿಯೊಬ್ಬ ಸಂಶೋಧನಾ ವಿದ್ಯಾರ್ಥಿ ಹತ್ತು ನಿಮಿಷದ ಕಿರುಪಾಠವನ್ನು ಎರಡು ಸಲ ಮಾಡಲಿ. ಸೆಮಿಸ್ಟರಿನಲ್ಲಿ ಎರಡು ಸಲ ಹಿರಿಯರೊಬ್ಬರು ಅವರ ಟ್ಯುಟೋರಿಯಲ್ಲಿನ ಹಿಂದಿನ ಬೆಂಚಿನಲ್ಲಿ ಕೂರಲಿ. ಆರನೆಯ ವಾರ ಹೆಸರು ಬರೆಯದ ಚೀಟಿಗಳಲ್ಲಿ ವಿದ್ಯಾರ್ಥಿಗಳ ಮಾತು ಕೇಳಲಿ. ಕೋಣೆ, ಬೋರ್ಡು, ರೆಕಾರ್ಡ್ ಮಾಡಲು ಒಂದು ಫೋನು ಎಲ್ಲ ವಿಭಾಗದಲ್ಲೂ ಇವೆ. ಆಗಬೇಕಾದ್ದು ಒಂದು ಸುತ್ತೋಲೆ: ಆ ಎರಡು ಭೇಟಿಗಳನ್ನು ಹಿರಿಯ ಅಧ್ಯಾಪಕರ ಕಾರ್ಯಭಾರದಲ್ಲಿ, ತರಬೇತಿಯ ಗಂಟೆಗಳನ್ನು ಸಂಶೋಧನಾ ವಿದ್ಯಾರ್ಥಿಯ 4ರಿಂದ 6 ಗಂಟೆಯ ಒಳಗೇ ಲೆಕ್ಕಕ್ಕೆ ಹಿಡಿಯಬೇಕು ಎಂದು.